ಮೊರ ಹಿಡಿದ ಬೀದಿ

ನಮ್ಮೂರಲ್ಲಿ ಕಾಯಿಲೆ ಮುಂಬಾಗಿಲಿನಿಂದಲೇ ಬರುತ್ತದೆ. ನೆಗಡಿಯಾದರೆ ಮೂಗು ಒರೆಸಿಕೊಳ್ಳುತ್ತ ಒಬ್ಬ ಸಣಕಲು ಆಸಾಮಿ ಬಂದು ಜಗಲಿ ಮೇಲೆ ಕೂತು ಕಾಫಿ ಕೇಳುತ್ತಾನೆ. ಚಳಿಜ್ವರವಾದರೆ ಒಂದೇ ಕಂಬಳಿ ಹೊದ್ದ ಇಬ್ಬರು ಬರುತ್ತಾರೆ. ವಾಂತಿಭೇದಿಯವರಿಗೆ ಮಾತ್ರ ಮಾನಮರ್ಯಾದೆ ಇಲ್ಲ, ಚಪ್ಪಲಿ ಕೂಡ ಬಿಡದೆ ಸೀದಾ ಅಡುಗೆಮನೆಗೇ ನುಗ್ಗುತ್ತಾರೆ. ಬಂದವರು ಯಾರೇ ಆಗಲಿ, ಹೆಚ್ಚು ದಿನ ಉಳಿಯುವುದಿಲ್ಲ. ಬೀದಿಯ ಹೆಂಗಸರಿಗೆ ಹೇಗೋ ಸುದ್ದಿ ಮುಟ್ಟುತ್ತದೆ. ಕೈಲಿದ್ದ ಕೆಲಸ ಅಲ್ಲೇ ಬಿಟ್ಟು, ಪೊರಕೆ ಹಿಡಿದುಕೊಂಡು ಬಂದು, ಬೈದು, ಬಡಿದು, ಊರ ಗಡಿ ದಾಟಿಸಿ ಬರುತ್ತಾರೆ. ಆಮೇಲೆ ಮಲಗಿದ್ದವರು ಎದ್ದು ಗಂಜಿ ಕುಡಿಯುತ್ತಾರೆ.

ಇದಕ್ಕೊಂದು ಕಟ್ಟಳೆ ಇದೆ. ಇನ್ನು ಬಡಿಸಬೇಡಿ ಎನ್ನುವಾಗ ಊಟದೆಲೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ ಮನೆಯವರು ಯಾರಾದರೂ ಹೊಸಿಲ ಮೇಲೆ ನಿಂತು ಅಂಗೈ ಅಡ್ಡ ಹಿಡಿದು ‘ಸಾಕು’ ಎಂದರೆ, ಹೆಂಗಸರು ಪೊರಕೆ ಇಳಿಸಿ ಬಂದ ದಾರಿ ಹಿಡಿಯಬೇಕು. ಯಾಕೆ ಏನು ಎಂದು ಕೇಳುವ ಹಾಗಿಲ್ಲ. ಹೊನ್ನಕ್ಕನ ಅವ್ವನ ಕಾಲದಲ್ಲಿ ಈ ಕಟ್ಟಳೆ ಇಷ್ಟು ಬಿಗಿಯಾಗಿರಲಿಲ್ಲವಂತೆ. ಮೇಲಿನ ಬೀದಿಯ ಒಂದು ಮನೆಗೆ ಬರೀ ಸೀನು ತಂದಿದ್ದ ಯಾವನನ್ನೋ ಓಡಿಸಲು ಹೋದವರು, ಅವನು ಓಡಿಹೋದ ಮೇಲೂ ಕೈ ತಡೆಯಲಾರದೆ ಬಾಗಿಲು ಒಡೆದು, ಹೆಂಚು ಇಳಿಸಿ, ಕೊನೆಗೆ ಗೋಡೆಯನ್ನೂ ಕೆಡವಿದರಂತೆ. ಆ ಮನೆಯ ಹೆಂಗಸು ಮತ್ತೆ ಎದ್ದು ಓಡಾಡಲಿಲ್ಲ. ಆ ಪಾಳುಗೋಡೆ ಈಗಲೂ ಇದೆ, ಅಲ್ಲಿ ಆಡಬೇಡಿ ಎಂದು ಮಕ್ಕಳಿಗೆ ಹೇಳುತ್ತಿರುತ್ತೇವೆ.

ಹೊನ್ನಕ್ಕ ಎಂದರೆ ನಮ್ಮ ಬೀದಿಯ ಹೆಂಗಸರಿಗೆಲ್ಲ ಮುಂದಾಳು. ಅರವತ್ತು ದಾಟಿದ್ದರೂ ಪೊರಕೆ ಬೀಸುವುದರಲ್ಲಿ ಅವಳ ಮುಂದೆ ನಿಲ್ಲುವವರಿಲ್ಲ. ಆದರೆ ಅವಳಿಗೆ ಹೆಮ್ಮೆ ಬೀಸುವುದರ ಬಗ್ಗೆ ಅಲ್ಲ, ನಿಲ್ಲಿಸುವುದರ ಬಗ್ಗೆ. ಅವ್ವನ ಕೈ ನಿಲ್ಲಲಿಲ್ಲ, ನನ್ನ ಕೈ ನಿಲ್ಲುತ್ತೆ ಎನ್ನುತ್ತಾಳೆ. ಎತ್ತಿದ ಪೊರಕೆಯನ್ನು ಎತ್ತಿದಲ್ಲೇ ಹಿಡಿದು ನಿಂತಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ರೂಢಿಯನ್ನೂ ಹೇಳಿಬಿಡಬೇಕು. ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟೂ ಜನರ ಬಟ್ಟೆ ಬೀದಿ ಕಡೆಯ ತಂತಿಯ ಮೇಲೇ ಒಣಗಬೇಕು. ಹರಿದ ಬನಿಯನ್ನು, ತೇಪೆ ಹಾಕಿದ ಲಂಗ, ಎಲ್ಲವೂ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರು ಮೊದಲು ನಾಚಿಕೊಳ್ಳುತ್ತಾರೆ, ಆಮೇಲೆ ಒಗ್ಗಿಹೋಗುತ್ತಾರೆ. ಹೊನ್ನಕ್ಕ ಬೆಳಿಗ್ಗೆ ಹಾಲಿಗೆ ಹೋಗುವಾಗ ತಂತಿಗಳನ್ನು ನೋಡಿಕೊಂಡು ಹೋಗುತ್ತಾಳೆ. ಯಾರ ಮನೆಯಲ್ಲಿ ಯಾರಿದ್ದಾರೆ ಎಂಬುದು ಅವಳಿಗೆ ತಿಳಿಯುವುದು ಹಾಗೆ.

ನಮ್ಮದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಪಕ್ಕದಲ್ಲಿ ಮನೆ, ಹಿಂದೆ ಚೀಲದ ಕೋಣೆ. ನಮ್ಮ ಯಜಮಾನರ ಹೆಸರು ಹೇಳುವ ಅಭ್ಯಾಸ ನನಗಿಲ್ಲ, ಊರವರು ಚೆನ್ನವೀರಣ್ಣ ಎನ್ನುತ್ತಾರೆ. ಬೀಳುತ್ತಿರುವ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಇದು ರೊಟ್ಟಿಗೆ, ಇದು ಮುದ್ದೆಗೆ ಎಂದು ಕಲ್ಲು ಬಿಗಿ ಮಾಡುವ ಮನುಷ್ಯ. ಅದನ್ನು ಬಿಟ್ಟರೆ ಅವರಿಗೆ ಗೊತ್ತಿರುವ ಇನ್ನೊಂದು ವಿದ್ಯೆ ನನ್ನನ್ನು ರೇಗಿಸುವುದು. ಅವರಿಗೆ ಒಂದು ಕೆಮ್ಮು ಹತ್ತಿಕೊಂಡಿತು. ಗಿರಣಿಯವರ ಕೆಮ್ಮಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ, ಹಿಟ್ಟಿನ ಧೂಳು ಎಂದುಕೊಂಡೆವು. ಜಗಲಿಯ ಮೇಲೂ ಯಾರೂ ಬಂದು ಕೂತಿರಲಿಲ್ಲ.

ಒಂದು ಬೆಳಿಗ್ಗೆ ಚೀಲದ ಕೋಣೆಯಿಂದ ಒಬ್ಬ ಹೊರಗೆ ಬಂದ. ಬೀದಿಯಿಂದ ಒಳಗೆ ಬಂದವನಲ್ಲ, ಒಳಗಿನಿಂದಲೇ ಬಂದವನು. ನಮ್ಮ ಯಜಮಾನರದೇ ಮೂಗು, ಅವರದೇ ಬೋಳು ಹಣೆ, ಮೈಮೇಲೆ ಅವರದೇ ಹಳೇ ಅಂಗಿ. ನನ್ನನ್ನು ನೋಡಿ “ಅತ್ತಿಗೆ, ಎರಡು ಲೋಟ ಕಾಫಿ ಇಟ್ಬಿಡಿ, ಅಣ್ಣಂಗೂ ಬೇಕು” ಅಂದ. ಯಾರಪ್ಪ ನೀನು ಎಂದು ಕೇಳಲು ಬಾಯಿ ಬರಲಿಲ್ಲ. ನಮ್ಮವರನ್ನು ಕೇಳಿದರೆ ಅವರೂ ತಲೆ ಕೆರೆದುಕೊಂಡು “ಯಾವನೋ ಚಿಕ್ಕಪ್ಪನ ಕಡೆಯವನಿರಬೇಕು, ಮೂಗು ನೋಡಿದ್ರೆ ನಮ್ಮೋನೇ” ಅಂದರು. ಮನೆತನದ ಮೂಗು ಹೊತ್ತುಕೊಂಡು ಬಂದವನಿಗೆ ನಮ್ಮೂರಲ್ಲಿ ಮೊದಲು ತಟ್ಟೆ ಹಾಕುತ್ತಾರೆ, ಪ್ರಶ್ನೆ ಆಮೇಲೆ. ನಾನೂ ಹಾಕಿದೆ. ತಮ್ಮ ಎಂದೇ ಕರೆದೆವು.

ತಮ್ಮ ಚೆನ್ನಾಗಿ ಉಂಡ. ತನ್ನ ಪಾಲು ಮುಗಿಸಿ ಅಣ್ಣನ ತಟ್ಟೆಗೂ ಕೈ ಹಾಕುತ್ತಿದ್ದ. ಕೊಳಾಯಿಯಿಂದ ತನ್ನ ಕೋಣೆಗೆ ಬೇರೆ ಪೈಪು ಎಳೆದುಕೊಂಡ. ನಮ್ಮವರ ಪಂಚೆ ಸೊಂಟದಲ್ಲಿ ನಿಲ್ಲದೆ ಜಾರತೊಡಗಿದಾಗ ತಮ್ಮನಿಗೆ ಅಂಗಿ ಬಿಗಿಯಾಗುತ್ತಿತ್ತು. ಬಟ್ಟೆಯನ್ನು ಮಾತ್ರ ಅವನು ಹೊರಗೆ ಒಣಗಿಸುತ್ತಿರಲಿಲ್ಲ. ಒಳಗೇ ಚೀಲಗಳ ಮೇಲೆ ಹರವುತ್ತಿದ್ದ. ಎಲ್ಲೋ ಮರೆತು ಒಂದು ದಿನ ಒಂದು ಪಟ್ಟೆಪಟ್ಟೆ ಟವೆಲ್ಲನ್ನು ತಂತಿಗೆ ಹಾಕಿಬಿಟ್ಟ.

ಹೊನ್ನಕ್ಕ ಹಾಲಿನ ಚೊಂಬು ಹಿಡಿದು ಅಲ್ಲೇ ನಿಂತಳು. “ದಾಕ್ಷಾಯಣಿ, ಈ ಟವೆಲ್ಲು ಯಾರ್ದೇ?”

“ನಮ್ಮನೆಯವರ ತಮ್ಮಂದು.”

“ಚೆನ್ನವೀರಂಗೆ ತಮ್ಮ ಎಲ್ಲವನೆ? ಅವನು ಹುಟ್ಟಿದಾಗ ಬಾಣಂತಿ ನೀರು ಹಾಕ್ದೋಳು ನಮ್ಮವ್ವ. ಒಬ್ನೇ ಮಗ.”

ಹೊನ್ನಕ್ಕ ಚೊಂಬನ್ನು ನಮ್ಮ ಜಗಲಿಯ ಮೇಲೇ ಇಟ್ಟು ಹೋಗಿ ಹೆಂಗಸರನ್ನು ಕರೆದುಕೊಂಡು ಬಂದಳು. ಎಲ್ಲರ ಕೈಯಲ್ಲೂ ಪೊರಕೆ. ಇನ್ನೇನು ಚೀಲದ ಕೋಣೆಗೆ ನುಗ್ಗಬೇಕು, ತಮ್ಮ ಬಾಗಿಲಿಗೆ ಬಂದು ನಿಂತ. ನಮ್ಮ ಯಜಮಾನರ ಮುಖ, ಅವರದೇ ನಗು. ಅಂಗೈ ಅಡ್ಡ ಹಿಡಿದು “ಸಾಕು ಹೊನ್ನಕ್ಕ. ಎಲ್ಲಾ ಸರಿಯಾಗಿದೆ. ಹೋಗ್ಬನ್ನಿ” ಅಂದ. ನಮ್ಮಲ್ಲಿ ಯಾರೂ ಅಷ್ಟು ಚೆನ್ನಾಗಿ, ಅಷ್ಟು ಮೃದುವಾಗಿ ಆ ಮಾತನ್ನು ಹೇಳಿದ್ದು ನಾನು ಕೇಳಿರಲಿಲ್ಲ. ಹೊನ್ನಕ್ಕನ ಪೊರಕೆ ಇಳಿಯಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮನೆಗೆ ಹೋದರು.

ಮತ್ತೆ ಬಂದರು, ಮತ್ತೆ ಕೈ ಅಡ್ಡ ಬಂತು. ಹೀಗೆ ಎಷ್ಟು ಸಲವೋ. ಬಂದು ಬಂದು ಅವರ ಪೊರಕೆಯ ಕಡ್ಡಿಗಳು ಉದುರಿದವು, ಕೈ ಸೋತವು. ಕೊನೆಗೆ ನಮ್ಮ ಬಾಗಿಲವರೆಗೂ ಬಂದು ಜಗಲಿಯ ಮೇಲೆ ಕೂತು ಆಕಳಿಸುವ ಮಟ್ಟಕ್ಕೆ ಬಂದರು. ಒಳಗೆ ನಮ್ಮವರು ಎರಡು ತುತ್ತು ಉಂಡು ಕೈ ತೊಳೆದುಬಿಡುತ್ತಿದ್ದರು. ಗಿರಣಿ ನಾನೇ ನಡೆಸುತ್ತಿದ್ದೆ. ಹಿಟ್ಟು ತರಿತರಿಯಾಗುತ್ತಿದೆ ಎಂದು ಗಿರಾಕಿಗಳು ಗೊಣಗುತ್ತಿದ್ದರು. ನನಗೆ ಇವರು ಉಳಿಯುತ್ತಾರೋ ಇಲ್ಲವೋ ಎಂಬುದೊಂದೇ ಚಿಂತೆ, ಹಿಟ್ಟು ಹೇಗಾದರೂ ಹಾಳಾಗಿ ಹೋಗಲಿ ಅನ್ನಿಸುತ್ತಿತ್ತು.

ಆಸ್ಪತ್ರೆಯವರು ಮೊದಲು ಹೊಗೆ ಹಾಕಿಸಿದರು. ಅದು ಹಳೇ ಪದ್ಧತಿ. ಮನೆಗೆಲ್ಲ ಕಡು ಹೊಗೆ ಹಾಕಿದರೆ ಬೇಡದವನು ಉಸಿರುಗಟ್ಟಿ ಹೊರಗೆ ಬೀಳುತ್ತಾನೆ ಎಂದು. ಉಸಿರು ಎಲ್ಲರಿಗೂ ಕಟ್ಟಿತು. ನಮ್ಮವರ ಕೂದಲು ಉದುರಿತು, ನಾಲಿಗೆಗೆ ರುಚಿ ಹೋಯಿತು. ತಮ್ಮನೂ ಕೆಮ್ಮಿದ, ಸೊರಗಿದ. ಹೊಗೆ ತಿಳಿಯಾದ ಮೇಲೆ ಮತ್ತೆ ಎದ್ದು ಕೂತು ಅತ್ತಿಗೆ ಕಾಫಿ ಅಂದ. ಆ ದಿನ ನಾನು ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ.

ಡಾಕ್ಟರ್ ವಾರಿಜಾ ಬಂದದ್ದು ಅದಾದ ಮೇಲೆ. ಕುಳ್ಳಗಿನ, ಬೇಗ ಬೇಗ ಮಾತಾಡುವ ಹೆಂಗಸು. ಮನೆಯೆಲ್ಲ ನೋಡಿದರು, ಪೈಪು ನೋಡಿದರು, ಚೀಲದ ಕೋಣೆಯಲ್ಲಿ ಹರವಿದ್ದ ತಮ್ಮನ ಬಟ್ಟೆಯಿಂದ ಒಂದು ಎಳೆ ದಾರವನ್ನು ಪರೀಕ್ಷೆಗೆಂದು ಕತ್ತರಿಸಿ ಡಬ್ಬಿಯಲ್ಲಿ ಹಾಕಿಕೊಂಡರು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು ಕೇಳಿದರು.

“ಅವನು ಕೈ ಅಡ್ಡ ಹಿಡೀತಾನಾ?”

“ಹೂಂ, ಯಾವಾಗ್ಲೂ. ಮನೆ ಯಜಮಾನನ ಥರ ನಿಂತ್ಕೊಂಡು.”

“ಒಳ್ಳೇದಾಯ್ತು ಬಿಡಿ.”

ನನಗೆ ಸಿಟ್ಟು ನೆತ್ತಿಗೇರಿತು. “ಏನು ಒಳ್ಳೇದು ಡಾಕ್ಟ್ರೇ? ಆ ಕೈಯಿಂದ್ಲೇ ಅಲ್ವಾ ನಮ್ಮನೆ ಈ ಸ್ಥಿತಿಗೆ ಬಂದಿದ್ದು?”

ಅವರು ಸ್ಟೂಲು ಎಳೆದುಕೊಂಡು ಕೂತರು. “ಕೋಪ ಮಾಡ್ಕೋಬೇಡಿ, ಕೇಳಿ. ಅವನಿಗೆ ಆ ಕೈ ಯಾಕೆ ಬೇಕಾಯ್ತು? ಹೆಂಗಸರು ಅವನನ್ನ ಗುರುತು ಹಿಡಿದಿದ್ದಾರೆ, ಅದಕ್ಕೆ. ಟವೆಲ್ಲು ನೋಡಿದ್ದಾರೆ, ಬಾಗಿಲಿಗೆ ಬಂದಿದ್ದಾರೆ. ಅವರಿಗೆ ಶಕ್ತಿ ಇಲ್ಲ ಅಂತಲ್ಲ, ಮರ್ಯಾದೆ ಅಡ್ಡ ಬರ್ತಿದೆ. ಆ ಕೈ ಅವರಿಗೆ ಕಾಣದ ಹಾಗೆ ಮಾಡೋದು ನನ್ನ ಕೆಲಸ. ಓಡಿಸೋದು ನಾನಲ್ಲ, ಅವರೇ.”

“ಎಲ್ಲರಿಗೂ ಹಿಂಗೆ ಮಾಡಿದ್ರೆ ಆಯ್ತಲ್ಲ ಮತ್ತೆ.”

“ಎಲ್ಲರಿಗೂ ಆಗಲ್ಲಮ್ಮ. ಕೆಳಗಿನ ಬೀದಿ ಗಂಗಾಧರ ಮೇಷ್ಟ್ರಿಗೂ ಮಾಡಿದೆ. ಅವರ ಮನೇಲಿದ್ದೋನು ತಂತಿ ಮೇಲೆ ಒಂದು ಕರ್ಚೀಫೂ ಹಾಕಿರಲಿಲ್ಲ. ಹೆಂಗಸರು ಆ ಬಾಗಿಲಿಗೇ ಬಂದಿರಲಿಲ್ಲ. ಬಾರದೇ ಇರೋರಿಗೆ ಕೈ ಕಾಣಿಸಿದ್ರೇನು, ಕಾಣಿಸದಿದ್ರೇನು?”

ಮೇಷ್ಟ್ರ ಮನೆಯ ತಂತಿ ಈಗ ಖಾಲಿ ಎಂದು ನನಗೂ ಗೊತ್ತಿತ್ತು. ಡಾಕ್ಟರು ಎದ್ದು ಹೊರಡುವಾಗ ಇನ್ನೊಂದು ಮಾತು ಹೇಳಿದರು. “ಅವನ ಕೈ ಕಾಣದೇ ಇದ್ರೆ ನಿಮ್ಮ ಕೈಯೂ ಕಾಣಲ್ಲ, ತಿಳ್ಕೊಳ್ಳಿ. ಹೆಂಗಸರು ಒಮ್ಮೆ ಒಳಗೆ ಬಂದರೆ ಏನೇನು ಮುಟ್ಟುತ್ತಾರೆ ಅಂತ ನಾನು ಮೊದಲೇ ಹೇಳಕ್ಕಾಗಲ್ಲ. ಏನೇ ಆದ್ರೂ ತಕ್ಷಣ ಹೇಳಿ ಕಳಿಸಿ.”

ಆ ಸಂಜೆ ಹೊನ್ನಕ್ಕನ ಮನೆಗೆ ಹೋದೆ. ಅವಳು ಅಕ್ಕಿ ಆರಿಸುತ್ತ ಕೂತಿದ್ದಳು. ವಿಷಯ ಹೇಳಿದೆ. ಅವಳ ಕೈ ಅಕ್ಕಿಯಲ್ಲಿ ಹಾಗೇ ನಿಂತಿತು.

“ಸಾಕು ಅಂದ ಮ್ಯಾಲೂ ಹೊಡೀಬೇಕಾ?” ಅಂದಳು. “ಆಮ್ಯಾಕೆ ನಮ್ಗೂ ಆ ರೋಗದೋರ್ಗೂ ಏನೇ ವ್ಯತ್ಯಾಸ? ಆ ಪಾಳುಗ್ವಾಡೆ ನೋಡ್ಕಂಡು ಬೆಳ್ದೋಳು ನಾನು. ನಮ್ಮವ್ವ ಸಾಯೋಗಂಟ ಆ ದಾರೀಲಿ ಓಡಾಡ್ಲಿಲ್ಲ.”

“ಅದು ನಮ್ಮ ಸಾಕು ಅಲ್ಲ ಹೊನ್ನಕ್ಕ. ಅವನು ನಮ್ಮ ಮಾತನ್ನ ಕದ್ದಿದಾನೆ.”

“ಕದ್ರೂ ಅದೇ ಮಾತೇ ಅಲ್ವೇನೇ.”

ನಾನು ಅವಳ ಕಾಲ ಹತ್ತಿರ ಕೂತು ಅವಳ ಮೊರದಲ್ಲಿದ್ದ ಕಲ್ಲು ಹೆಕ್ಕತೊಡಗಿದೆ. ಬಹಳ ಹೊತ್ತಿನ ಮೇಲೆ ಅವಳೇ ಅಂದಳು, “ಚೆನ್ನವೀರ ಈಗ್ಲೂ ನಿನ್ನ ರೇಗಿಸ್ತಾನೇನೇ?”

“ಇಲ್ಲ ಹೊನ್ನಕ್ಕ. ಅದಕ್ಕೂ ಉಸಿರು ಬೇಕಲ್ಲ.”

ಅವಳು ಮೊರ ಕೆಳಗಿಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಗಲಿ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಆಸ್ಪತ್ರೆಯಲ್ಲಿ ನಮ್ಮವರ ತೋಳಿಗೆ ಸೂಜಿ ಚುಚ್ಚಿ, ನೀರಿನ ಹಾಗೆ ತಿಳಿಯಾಗಿದ್ದ ಔಷಧಿಯನ್ನು ಹನಿ ಹನಿಯಾಗಿ ಇಳಿಸಿದರು. ಇಷ್ಟೇನಾ ಎಂದು ನನಗೆ ಅನುಮಾನ ಬಂತು. ಮನೆಗೆ ಬಂದು ನೋಡಿದರೆ ಬೀದಿಯ ಪ್ರತಿ ಮನೆಯ ಹೊಸಿಲ ಮೇಲೂ ಒಂದೊಂದು ಹೊಸ ಮೊರ. ಯಾರು ಇಟ್ಟರೋ, ಹಸಿ ಬಿದಿರಿನ ವಾಸನೆ ಬೀದಿಯ ತುಂಬ ಹರಡಿತ್ತು. ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಮಾರನೆಯ ಬೆಳಿಗ್ಗೆ ಹೆಂಗಸರು ಬಂದರು. ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಮುಖಕ್ಕೆ ಅಡ್ಡವಾಗಿ ಮೊರ. ಮೊರದ ಕೆಳಗಿನಿಂದ ಅವರಿಗೆ ಕಾಣುವುದು ನೆಲ, ಮತ್ತೆ ನೆಲದ ಮೇಲಿನ ಪಾದ, ಅಷ್ಟೇ. ಕಿವಿಗೆ ಹತ್ತಿ ಇಟ್ಟುಕೊಂಡಿದ್ದರು. ಎಲ್ಲರಿಗಿಂತ ಮುಂದೆ ಹೊನ್ನಕ್ಕನ ಒಡೆದ ಹಿಮ್ಮಡಿಯ ಕಾಲು ನಡೆದು ಬರುತ್ತಿದ್ದುದನ್ನು ಕಂಡು ನನಗೆ ಅಳು ಬಂತು.

ತಮ್ಮ ಎಂದಿನ ಹಾಗೆ ಬಾಗಿಲಿಗೆ ಬಂದ. ಅಂಗೈ ಅಡ್ಡ ಹಿಡಿದ. “ಸಾಕು ಹೊನ್ನಕ್ಕ” ಅಂದ. ಹೊನ್ನಕ್ಕನ ಮೊರ ಅಲುಗಾಡಲಿಲ್ಲ. ಅವನು ಇನ್ನೂ ಮೃದುವಾಗಿ ಹೇಳಿದ, ಆಮೇಲೆ ಎರಡೂ ಕೈ ಹಿಡಿದ. ಮೊದಲ ಪೊರಕೆ ಅವನ ಮೊಣಕಾಲಿಗೆ ಬಿತ್ತು. ಆ ಮುಖದಲ್ಲಿ ಆಗ ಕಂಡ ಆಶ್ಚರ್ಯವನ್ನು ನಾನು ಈಗಲೂ ನೆನೆಸಿಕೊಂಡು ಖುಷಿಪಡುತ್ತೇನೆ, ಪಾಪವೋ ಪುಣ್ಯವೋ ಗೊತ್ತಿಲ್ಲ.

ಒಂದೇ ದಿನದಲ್ಲಿ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಕೆಲವು ವಾರ ಚೀಲದ ಕೋಣೆ ಉಬ್ಬಿಕೊಂಡ ಹಾಗೆ ಕಾಣುತ್ತಿತ್ತು. ಆಸ್ಪತ್ರೆಯ ಫೋಟೋದಲ್ಲೂ ಮೊದಲಿಗಿಂತ ದೊಡ್ಡದಾಗಿ ಬಂತು. ಅವನು ಬೆಳೆದೇಬಿಟ್ಟ ಎಂದು ನಾನು ಹೆದರಿ ಕೂತೆ. ಡಾಕ್ಟರು ಮಾತ್ರ ಅವಸರ ಮಾಡಬೇಡಿ ಅಂದರು, ನಿಜವಾಗಿ ಬೆಳೆದಿರುವುದೂ ಉಂಟು, ಆದರೆ ಇವರ ಉಸಿರು ಮೊದಲಿಗಿಂತ ಹಗುರಾಗಿದೆ, ನೋಡೋಣ ಅಂದರು. ಒಳಗೆ ಹಣಕಿ ನೋಡಿದರೆ, ಅಷ್ಟು ಸಣ್ಣ ಕೋಣೆಯಲ್ಲಿ ಬೀದಿಯ ಹೆಂಗಸರೆಲ್ಲ ತುರುಕಿಕೊಂಡಿದ್ದರು. ಗೋಡೆ ಉಬ್ಬಿದ್ದು ಅವರಿಂದ. ನಡುವೆ ಎಲ್ಲೋ ತಮ್ಮನ ಬೋಳು ತಲೆ ಒಂದು ಮಾತ್ರ ಕಾಣುತ್ತಿತ್ತು. ಹೆದರಿಕೆಗೋ ಏನೋ ಅವನು ತನ್ನ ಬಟ್ಟೆಗಳನ್ನೆಲ್ಲ ತಂದು ತಂತಿಗೆ ನೇತುಹಾಕಲು ಶುರುಮಾಡಿದ, ಅದನ್ನು ನೋಡಿ ಪಕ್ಕದ ಬೀದಿಯ ಹೆಂಗಸರೂ ಬಂದರು.

ಆಗಾಗ ಆಸ್ಪತ್ರೆಗೆ ಹೋಗಿ ಹನಿ ಹಾಕಿಸಿಕೊಂಡು ಬರುತ್ತಿದ್ದೆವು, ಆಗಾಗ ಹೊಸಿಲ ಮೇಲೆ ಹೊಸ ಮೊರ ಬರುತ್ತಿತ್ತು. ತಮ್ಮ ಕುಗ್ಗಿದ. ಪೈಪು ಕಿತ್ತುಬಂತು. ಒಂದು ದಿನ ನಮ್ಮವರು ಮೂರನೆಯ ರೊಟ್ಟಿ ಕೇಳಿದರು. ಇನ್ನೊಂದು ದಿನ ಗಿರಣಿಗೆ ಬಂದು ಹಿಟ್ಟನ್ನು ಬೆರಳಲ್ಲಿ ಉಜ್ಜಿ “ಇದೇನೇ, ಊರಿಗೆಲ್ಲ ರವೆ ಹಂಚ್ತಿದೀಯಾ?” ಅಂದರು. ನಾನು ಬೆಲ್ಟು ನಿಲ್ಲಿಸಿ ಅವರನ್ನೇ ನೋಡಿದೆ. ರೇಗಿಸಿಕೊಂಡು ಇಷ್ಟು ಸಂತೋಷಪಟ್ಟ ಹೆಂಡತಿ ಇನ್ನೊಬ್ಬಳು ಇರಲಾರಳು.

ಆದರೆ ಡಾಕ್ಟರು ಹೇಳಿದ ಆ ಇನ್ನೊಂದು ಮಾತು ನಿಜವಾಯಿತು. ತಮ್ಮ ಮೂಲೆ ಸೇರಿದ ಮೇಲೂ ಹೆಂಗಸರ ಕೈ ನಿಲ್ಲಲಿಲ್ಲ. ಪಾದ ಕಂಡಲ್ಲೆಲ್ಲ ಪೊರಕೆ. ಮೊದಲು ಬಚ್ಚಲ ಮೋರಿ ಒಡೆದರು. ನಮ್ಮವರಿಗೆ ಹೊಟ್ಟೆ ಕೆಟ್ಟು ದಿನವಿಡೀ ಹಿತ್ತಲಿಗೆ ಓಡಾಡುವ ಹಾಗಾಯಿತು. ಆಮೇಲೆ ಒಂದು ಮಧ್ಯಾಹ್ನ ಎಲ್ಲರೂ ಬಚ್ಚಲಮನೆಗೇ ನುಗ್ಗಿದರು. ಅಲ್ಲಿ ನಮ್ಮ ಅತ್ತೆಯ ಕಾಲದ ತಾಮ್ರದ ಹಂಡೆ ಇತ್ತು. ಬೆಳಿಗ್ಗೆ ಅದರ ಒಲೆ ಉರಿದರೆ ಮನೆಯೆಲ್ಲ ಬೆಚ್ಚಗಾಗುತ್ತಿತ್ತು. ನಾನು ಓಡಿಹೋಗಿ ಹಂಡೆಯ ಮುಂದೆ ನಿಂತು ಅಂಗೈ ಅಡ್ಡ ಹಿಡಿದೆ. “ಸಾಕು ಹೊನ್ನಕ್ಕ. ನಾನು ದಾಕ್ಷಾಯಣಿ. ನಾನು ಹೇಳ್ತಿರೋದು, ಸಾಕು.”

ನನ್ನ ಮುಂದೆ ಇದ್ದದ್ದು ಸಾಲು ಸಾಲು ಮೊರಗಳು. ಒಂದರ ಹಿಂದೆಯೂ ಕಣ್ಣಿರಲಿಲ್ಲ. ಎಷ್ಟೋ ತಿಂಗಳಿಂದ ನನಗೆ ತಮ್ಮನ ಭಯವಿತ್ತು, ಆ ಕ್ಷಣ ಮಾತ್ರ ನನ್ನದೇ ಬೀದಿಯ ಭಯವಾಯಿತು. ಯಾರದೋ ಕೈ ನನ್ನನ್ನು ಪಕ್ಕಕ್ಕೆ ತಳ್ಳಿತು. ಹಂಡೆ ಉರುಳಿ, ತಳ ಬಿರಿದು, ನೀರೆಲ್ಲ ಒಲೆಯೊಳಗೆ ಹೋಯಿತು.

ಡಾಕ್ಟರಿಗೆ ಹೇಳಿ ಕಳಿಸಿದೆ. ಅವರು ಹನಿ ನಿಲ್ಲಿಸಿದರು, ಹೆಂಗಸರ ಕೈ ಸಡಿಲವಾಗುವ ಮಾತ್ರೆ ಕೊಟ್ಟರು. ಮೋರಿ ರಿಪೇರಿಯಾಯಿತು, ಹೊಟ್ಟೆ ಸರಿಹೋಯಿತು. ಹಂಡೆ ಮಾತ್ರ ಸರಿಹೋಗಲಿಲ್ಲ. ಬೆಸುಗೆ ಹಾಕಿಸಿದೆವು, ಕೊನೆಗೆ ಹೊಸದನ್ನೇ ತಂದಿಟ್ಟೆವು. ಎಷ್ಟು ಸೌದೆ ಒಟ್ಟಿದರೂ ನೀರು ಉಗುರುಬೆಚ್ಚಗಾಗುವುದಕ್ಕಿಂತ ಹೆಚ್ಚು ಕಾಯುವುದಿಲ್ಲ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ನಮ್ಮವರು ಒಂದು ಪುಟ್ಟ ಮಾತ್ರೆ ನುಂಗಬೇಕು, ಆಮೇಲೆ ನೀರು ಕಾಯುತ್ತದೆ. ಇದು ಜೀವನಪೂರ್ತಿ ಅಂದರು ಡಾಕ್ಟರು. ಅವರು ಬೇಸರದಿಂದಲೇ ಹೇಳಿದರು, ನಾನು ಕೇಳಿಸಿಕೊಂಡದ್ದು ಮಾತ್ರ ಜೀವನಪೂರ್ತಿ ಎಂಬ ಮಾತೊಂದನ್ನೇ.

ತಮ್ಮ ಯಾವತ್ತು ಹೋದ ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಒಂದು ದಿನ ಚೀಲದ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಜೋಳದ ಚೀಲ, ಗೋಡೆಯ ಮೇಲೆ ಒಬ್ಬ ಒರಗಿ ಕೂತಷ್ಟು ಜಿಡ್ಡಿನ ಗುರುತು, ಅಷ್ಟೇ. ಡಾಕ್ಟರು ಬಂದು ಮೂಲೆ ಮೂಲೆಗೂ ಟಾರ್ಚು ಬಿಟ್ಟು ನೋಡಿದರು. “ಈಗ ಇಲ್ಲ. ಮತ್ತೆ ಬರಲ್ಲ ಅಂತ ಬರೆದುಕೊಡಲ್ಲ. ಬರ್ತಾ ಇರಿ, ನೋಡ್ತಾ ಇರೋಣ” ಅಂದರು. ಆ ಮಾತಿನಲ್ಲಿದ್ದ ಹುಳಿಯನ್ನು ಪಕ್ಕಕ್ಕಿಟ್ಟು ನಾನು ಅವರಿಗೆ ಎರಡು ಸೇರು ನುಣುಪಾದ ಅಕ್ಕಿಹಿಟ್ಟು ಕಟ್ಟಿಕೊಟ್ಟೆ. ಆ ಹಿಟ್ಟು ಬೀಸಿದ್ದು ನಮ್ಮ ಯಜಮಾನರು.

ಅವರಿಗೆ ಈಗ ಚಳಿ ತಡೆಯುವುದಿಲ್ಲ. ಬೇಸಿಗೆಯಲ್ಲೂ ಮಫ್ಲರು, ಬನಿಯನ್ನಿನ ಮೇಲೆ ಬನಿಯನ್ನು. ತಂತಿಯ ಮೇಲೆ ಅವರ ಬಟ್ಟೆಯೇ ಅರ್ಧ ಜಾಗ ಹಿಡಿಯುತ್ತದೆ. ಫ್ಯಾನು ಹಾಕಿದರೆ ಜಗಳ, ಕಿಟಕಿ ತೆರೆದರೆ ಜಗಳ. ಬೆವರು ಸುರಿಸುತ್ತ ಅವರ ಪಕ್ಕದಲ್ಲಿ ಮಲಗಿಕೊಂಡು, ಈ ಜಗಳ ಹೀಗೇ ಇರಲಪ್ಪ ಎಂದುಕೊಳ್ಳುತ್ತೇನೆ.

ಆದರೆ ಹೊನ್ನಕ್ಕ ನಮ್ಮನೆಗೆ ಬರುವುದನ್ನು ಬಿಟ್ಟುಬಿಟ್ಟಿದ್ದಳು. ಹಿಟ್ಟು ಬೀಸಲು ಸೊಸೆಯನ್ನು ಕಳಿಸುತ್ತಿದ್ದಳು. ಹಾಲಿಗೆ ಹೋಗುವಾಗ ನಮ್ಮ ತಂತಿಯ ಕಡೆಗೂ ಕಣ್ಣೆತ್ತುತ್ತಿರಲಿಲ್ಲ. ನಾನು ದಾರಿಯಲ್ಲಿ ನಿಲ್ಲಿಸಿ ಕೇಳಿದರೆ “ಅವ್ವನ ಕೈಯೇ ನಂಗೂ ಬಂತು ಕಣೆ” ಎಂದಷ್ಟೇ ಹೇಳಿ ನಡೆದುಬಿಟ್ಟಳು. ಇದು ನಮ್ಮವರ ಕಿವಿಗೆ ಬಿತ್ತು. ಬೀದಿಯ ಹೆಂಗಸರಿಗೆಲ್ಲ ಒಂದು ಊಟ ಹಾಕೋಣ ಎಂದರು. ಹೊನ್ನಕ್ಕನನ್ನು ಕರೆಯಲು ಮಫ್ಲರು ಸುತ್ತಿಕೊಂಡು ತಾವೇ ಹೋದರು. ಅವಳು ಬಂದದ್ದು ಅವರು ಅವಳ ಬಾಗಿಲಲ್ಲಿ ನಡುಗುತ್ತ ನಿಂತಿದ್ದನ್ನು ನೋಡಲಾರದೆ.

ನಡುಮನೆಯಲ್ಲಿ ಎರಡು ಸಾಲು ಎಲೆ ಹಾಕಿದೆವು. ನಾನು ಕೋಸಂಬರಿ, ಪಲ್ಯ, ಅನ್ನ ಬಡಿಸಿಕೊಂಡು ಬಂದೆ. ಹೊನ್ನಕ್ಕ ಎಲೆ ಮೇಲೆ ಬಿದ್ದುದನ್ನು ಬೆರಳಲ್ಲಿ ಅತ್ತಿತ್ತ ಸರಿಸುತ್ತಿದ್ದಳು. ಅವಳು ಕೂತ ಜಾಗದಿಂದ ಬಚ್ಚಲಮನೆಯ ಹೊಸ ಹಂಡೆ ಕಾಣುತ್ತಿತ್ತು. ಬೇರೆ ಜಾಗದಲ್ಲಿ ಕೂರಿಸಬೇಕಿತ್ತು ಎಂದು ನನಗೆ ಆಮೇಲೆ ಹೊಳೆಯಿತು. ಗಸಗಸೆ ಪಾಯಸವನ್ನು ತಾವೇ ಬಡಿಸುವುದಾಗಿ ನಮ್ಮವರು ಹಟ ಹಿಡಿದು ಪಾತ್ರೆ ಎತ್ತಿಕೊಂಡರು. ಒಬ್ಬೊಬ್ಬರನ್ನೂ ಮಾತಾಡಿಸುತ್ತ ಬಡಿಸಿಕೊಂಡು ಹೊನ್ನಕ್ಕನ ಎಲೆ ಹತ್ತಿರ ಬಂದರು. ಸೌಟು ಎತ್ತುವ ಮೊದಲೇ ಅವಳು ಎಲೆ ಮೇಲೆ ಅಂಗೈ ಅಡ್ಡ ಹಿಡಿದುಬಿಟ್ಟಳು.

“ಸಾಕು ಚೆನ್ನವೀರ.”

ಹಾಗೆ ಹಿಡಿದ ಅಂಗೈಯನ್ನು ಈ ಮನೆಯಲ್ಲಿ ನಾವೆಲ್ಲ ಎಷ್ಟು ಸಲ ನೋಡಿದ್ದೆವು. ಅವಳು ತಲೆ ಎತ್ತಲಿಲ್ಲ. ನಮ್ಮವರು ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದರು. ಆಮೇಲೆ ಪಾತ್ರೆ ಕೆಳಗಿಟ್ಟು ಅಡುಗೆಮನೆಗೆ ಹೋದರು. ಮನಸ್ಸಿಗೆ ನೋವಾಯಿತೇನೋ ಎಂದು ನಾನು ಹಿಂದೆ ಹೋಗಬೇಕೆನ್ನುವಷ್ಟರಲ್ಲಿ ಅವರೇ ತಿರುಗಿ ಬಂದರು. ಎಡಗೈಯಲ್ಲಿ ಮೊಳೆಗೆ ತೂಗುಹಾಕಿದ್ದ ಮೊರ. ಅದನ್ನು ಮುಖಕ್ಕೆ ಅಡ್ಡ ಹಿಡಿದು, ತಡವರಿಸಿಕೊಂಡು ಸೌಟು ಹುಡುಕಿ, ತುಂಬ ಪಾಯಸ ತುಂಬಿ ಸೀದಾ ಅವಳ ಕೈ ಮೇಲೇ ಸುರಿದರು.

“ನಂಗೇನೂ ಕಾಣಿಸ್ತಿಲ್ಲ ಹೊನ್ನಕ್ಕ. ಏನಾದ್ರೂ ಅಂದ್ಯಾ?”

ಯಾರೋ ಒಬ್ಬಳು ಮೊದಲು ನಕ್ಕಳು, ಆಮೇಲೆ ಎರಡೂ ಸಾಲು ನಕ್ಕಿತು. ಪಾಯಸ ಹೊನ್ನಕ್ಕನ ಬೆರಳ ಸಂದಿಯಿಂದ ಎಲೆಗೆ ಇಳಿಯುತ್ತಿತ್ತು. ಇನ್ನೊಂದು ಸೌಟೂ ಬಿತ್ತು. ಅವಳು ನಗಲಿಲ್ಲ. ಕೈಯನ್ನು ಮೆಲ್ಲಗೆ ತೆಗೆದು, ಬೆರಳು ನೆಕ್ಕಿಕೊಂಡು, ತಲೆ ಎತ್ತಿದಳು.

“ಮೊರ ಇಳ್ಸೋ,” ಅಂದಳು. “ನಿನ್ ಮಕ ನೋಡಿ ಎಷ್ಟು ದಿನ ಆತು.”

ನಮ್ಮವರು ಮೊರ ಇಳಿಸಿದರು. ಹೊನ್ನಕ್ಕ ಅವರ ಮುಖವನ್ನು ಸಾವಕಾಶವಾಗಿ ನೋಡಿದಳು. ಆಮೇಲೆ ಎಲೆ ಹತ್ತಿರ ಎಳೆದುಕೊಂಡು ಉಂಡಳು.